ರಾಣಿಯ ಕೋಣೆ ಅಳಿಸಲು ಬಂದ ಕುಂಬಾರ ಮಾಚ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಪದ್ಮಾಕ್ಷಿ ಮೇಡಂ. ಅವರ ಪಾಠ ಮರೆತವರಿಗೂ ಈ ಕತೆ ನೆನಪಿದೆ.

ಒಂದು ದೇಶದಲ್ಲಿ ಡಂಗುರ ಸಾರಿದರು. “ಕೇಳ್ರಪ್ಪೋ ಕೇಳ್ರಿ! ತೀರಿಹೋದ ಮಹಾರಾಣಿಯವರ ಡೈರೆಕ್ಟರಿಯನ್ನು ಅರಮನೆಯ ಲಿನಕ್ಸ್ ಯಂತ್ರದಿಂದ ತೆಗೆದುಹಾಕಬೇಕೆಂದು ಮಹಾರಾಜರ ಅಪ್ಪಣೆಯಾಗಿದೆ. ಕೈ ಹಾಕುವವರು ಮೊದಲು ರಾಜಕುಮಾರಿಯವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ!”

ಆ ದೇಶದಲ್ಲಿ ಎಲ್ಲರ ಮನೆಯಲ್ಲೂ ಒಂದು ಕಪ್ಪು ಪರದೆ. ಅದರ ಮೇಲೆ ಆಜ್ಞೆಗಳನ್ನು ಟೈಪ್ ಮಾಡಿಯೇ ಎಲ್ಲ ಕೆಲಸ. ಡೈರೆಕ್ಟರಿಗೆ ಅವರು ಕೋಣೆ ಎನ್ನುತ್ತಿದ್ದರು. ಮಗಳಿಗೆಂದು ಹಾಡಿದ ಜೋಗುಳಗಳನ್ನೆಲ್ಲ ರಾಣಿ ತನ್ನ ಕೋಣೆಯಲ್ಲಿ ಇಟ್ಟಿದ್ದಾಳೆಂದು ರಾಜನ ನಂಬಿಕೆ. ಅವಳು ಹೋದ ಮೇಲೆ ರಾಜ ಯಂತ್ರ ತೆರೆದಾಗಲೆಲ್ಲ rani ಎಂಬ ಹೆಸರು ಕಣ್ಣಿಗೆ ಬೀಳುವುದು. ಅವತ್ತು ಅವನಿಗೆ ಊಟ ಸೇರದು. “ಅದು ಇರಬಾರದು, ಅಷ್ಟೇ” ಎಂದುಬಿಟ್ಟ. ಮಗಳು ಹೊನ್ನಾಂಬೆ ಅತ್ತಳು, ಜಗಳವಾಡಿದಳು. ಕೊನೆಗೆ ದಕ್ಕಿದ್ದು ಇಷ್ಟು: ತೆಗೆಯುವವನನ್ನು ಅವಳೇ ಆರಿಸಬಹುದು. ತಲೆಯ ವಿಷಯ ಸೇರಿಸಿದ್ದು ಅಪ್ಪ, ಸಿಟ್ಟಿನಲ್ಲಿ.

ಮೊದಲು ಬಂದವನು ಸೇನಾಪತಿಯ ಮಗ ವೀರಕೇತು. ಹೊನ್ನಾಂಬೆ ಕೇಳಿದಳು: “ಖಾಲಿ ಕೋಣೆಯನ್ನು ಮಾತ್ರ ತೆಗೆಯುವ ಒಬ್ಬ ಆಳಿದ್ದಾನೆ. ಕೋಣೆಯೊಳಗೆ ಇಣುಕಿದೆ, ಏನೂ ಕಾಣಲಿಲ್ಲ. ಅವನನ್ನು ಕಳಿಸಿದೆ. ‘ಖಾಲಿ ಇಲ್ಲ’ ಅಂತ ವಾಪಸು ಬಂದ. ತಪ್ಪಿದ್ದು ನನ್ನ ಕಣ್ಣೋ, ಆಳೋ?”

“ಆಳೇ! ಎರಡು ಬಿಗಿದು ನೋಡಿ, ತೆಗೆಯದೆ ಎಲ್ಲಿ ಹೋಗುತ್ತಾನೆ!”

ತಲೆ ತೆಗೆಯುವ ದಿನ ಬರುವವರೆಗೆ ಇರಲೆಂದು ಕಾವಲಿನವರು ಅವನನ್ನು ಸೆರೆಮನೆಗೆ ಕರೆದೊಯ್ದರು.

ಮಂತ್ರಿಯ ಮಗ ಸುಮಂತ ಜಾಣ, ಮೊದಲನೆಯದನ್ನು ದಾಟಿದ. ಅವಳು ಎರಡನೆಯದನ್ನು ಕೇಳಿದಳು: “ಇನ್ನೊಬ್ಬ ಆಳು. ಕೋಣೆ, ಕೋಣೆಯೊಳಗಿನ ಕೋಣೆ, ಅದರೊಳಗಿನ ಸಾಮಾನು, ಎಲ್ಲ ನಾಶ ಮಾಡುತ್ತಾನೆ. ‘ಮಾಡಲಾ?’ ಅನ್ನುವುದಿಲ್ಲ, ‘ಮಾಡಿದೆ’ ಅನ್ನುವುದೂ ಇಲ್ಲ. ಆಮೇಲೆ ತಿಪ್ಪೆ ಕೆದಕಿದರೂ ಏನೂ ಸಿಗುವುದಿಲ್ಲ. ಅವನು ಯಾರು? ಅವನಿಗೆ ಮೂಗುದಾರ ಹಾಕುವುದು ಹೇಗೆ?”

“ಯಮ!” ಎಂದ ಸುಮಂತ, ಮೀಸೆ ತಿರುವುತ್ತ.

“ಮೂಗುದಾರ?”

ಮೀಸೆ ಇಳಿಯಿತು. ಅವನೂ ವೀರಕೇತುವಿನ ಪಕ್ಕ ಹೋಗಿ ಕೂತ.

ಆಮೇಲೆ ಯಾರೂ ಬರಲಿಲ್ಲ. ಕೊನೆಗೆ ಅರಮನೆಗೆ ಮಡಕೆ ತರುತ್ತಿದ್ದ ಕುಂಬಾರರ ಮಾಚ ಬಂದು ನಿಂತ.

“ನಿನಗೇಕೋ ಈ ಉಸಾಬರಿ?” ಎಂದ ರಾಜ.

“ಮಡಕೆ ತಂದಾಗಲೆಲ್ಲ ರಾಣಿಯಮ್ಮ ‘ಉಂಡೆಯಾ’ ಅಂತ ಕೇಳೋರು ಬುದ್ದೀ. ಅವರ ಕೋಣೆಯನ್ನ ಯಾರೋ ಒರಟರು ಮುಟ್ಟಿಬಿಟ್ಟರೆ ಅಂತ ಭಯ ಆಯ್ತು.”

ಹೊನ್ನಾಂಬೆ ಮೊದಲ ಒಗಟು ಹೇಳಿದಳು. ಮಾಚ ಎಂದ: “ಆ ಆಳು rmdir ಅನ್ನೋ ಆಜ್ಞೆ, ಅಮ್ಮಣ್ಣಿ. ಅವನು ಸರಿಯಾಗೇ ಹೇಳಿದ್ದಾನೆ. ಒಳಗೇನಿದೆ ಅಂತ ಬರೀ ls ಅಂದರೆ ಚುಕ್ಕಿಯಿಂದ ಶುರುವಾಗುವ ಹೆಸರಿನವು ಕಾಣೋದಿಲ್ಲ. ls -a ಅನ್ನಬೇಕು. ಒಳಗೆ ಯಾರೋ ಅಡಗಿ ಕೂತಿದ್ದರು.”

ಎರಡನೆಯದಕ್ಕೆ ಅವನ ದನಿ ತಗ್ಗಿತು. “ಅವನು rm -rf. ಸುಟ್ಟ ಮಡಕೆ ಒಡೆದರೆ ಮತ್ತೆ ಮಣ್ಣಾಗೋಲ್ಲ, ಇವನು ಕೈ ಹಾಕಿದ್ದೂ ಹಾಗೇ. f ಬಿಟ್ಟು rm -ri ಅನ್ನಿ. ಒಂದೊಂದಕ್ಕೂ ‘ತೆಗೆಯಲಾ?’ ಅಂತ ಕೇಳುತ್ತಾನೆ. ಅದೇ ಮೂಗುದಾರ.”

ಹೊನ್ನಾಂಬೆ ಮೂರನೆಯದನ್ನು ಕೇಳಿದಳು. “ನನ್ನ ಅಪ್ಪಾಜಿಯ ಕಣ್ಣಿಗೆ rani ಅನ್ನುವ ಹೆಸರು ಬೀಳಬಾರದು. ನನ್ನ ಅಮ್ಮನ ಒಂದು ಹಾಡೂ ಹೋಗಬಾರದು. ಒಂದೇ ಆಜ್ಞೆಗೆ ಎರಡೂ ಆಗಬೇಕು. ಹೇಗೆ?”

ಮಾಚ ಪರದೆಯ ಕಡೆ ತಿರುಗಿದ. ಕಾವಲಿನವರು ಒಂದು ಹೆಜ್ಜೆ ಮುಂದಿಟ್ಟರು.

“ಒಂದು ಸಲ ನೋಡಬಹುದಾ?”

“ಒಗಟಿಗೆ ಉತ್ತರ ಬಾಯಲ್ಲಿ ಬರಬೇಕು” ಎಂದು ರಾಜ ಗದರಿದ.

“ನೋಡದೆ ಹೇಳಿದರೆ ನನ್ನ ತಲೆ ಉಳಿಯಬಹುದು ಬುದ್ದೀ. ರಾಣಿಯಮ್ಮನ ಹಾಡು ಉಳಿಯುತ್ತೆ ಅಂತ ಏನು ಖಾತರಿ?”

“ನೋಡಲಿ ಅಪ್ಪಾಜಿ” ಎಂದಳು ಹೊನ್ನಾಂಬೆ.

ಮಾಚ ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡು ಕೂತ. ls -l ಎಂದು ಟೈಪ್ ಮಾಡಿದ. rani ಎಂಬ ಹೆಸರಿನ ಮುಂದೆ ಒಂದು ಸಣ್ಣ ಬಾಣ. ಬಾಣದ ತುದಿಯಲ್ಲಿ ಹೊನ್ನಾಂಬೆಯ ಕೋಣೆಯ ದಾರಿ. ಅವನ ಮುಖ ಅರಳಿತು. ಬಾಣ ತೋರಿಸುತ್ತಿದ್ದ ಕೋಣೆಗೆ ಕೈ ತಾಗದಂತೆ ಬೇರೆ ಏನನ್ನೂ ಸೇರಿಸದೆ, ಕೊನೆಯಲ್ಲಿ ಓರೆಗೆರೆಯನ್ನೂ (/) ಹಾಕದೆ, rm rani ಎಂದು ಬರೆದು, ಇನ್ನೊಮ್ಮೆ ಓದಿ, ಎಂಟರ್ ಒತ್ತಿದ.

ಹೆಸರು ಹೋಯಿತು.

ಅದು ಹೋಗಬೇಕೆಂದು ಡಂಗುರ ಹೊಡೆಸಿದ ರಾಜನೇ ಆ ಖಾಲಿ ಜಾಗ ನೋಡಿ ಕುಸಿದು ಕೂತ. “ಎಲ್ಲ ಹೋಯಿತೇನೋ ಮಾಚ?”

“ಬಾಗಿಲು ಮಾತ್ರ ಬುದ್ದೀ. ಹಾಡೆಲ್ಲ ಅಮ್ಮಣ್ಣಿಯವರ ಕಡೆ ಇವೆ. ರಾಣಿಯಮ್ಮ ಅಲ್ಲೇ ಇಟ್ಟು, ನಿಮಗೆ ಇಲ್ಲಿಂದ ಒಂದು ಬಾಗಿಲು ಇಟ್ಟುಕೊಟ್ಟಿದ್ದರು. ಬಾಗಿಲು ಕಿತ್ತರೆ ಮನೆ ಬೀಳೋಲ್ಲ.”

ಹೊನ್ನಾಂಬೆ ತನ್ನ ಕೋಣೆ ತೆರೆದು ಒಂದು ಜೋಗುಳ ಹಾಕಿದಳು. ಎಷ್ಟೋ ಕಾಲದ ಮೇಲೆ ರಾಣಿಯ ದನಿ. ಅರ್ಧಕ್ಕೆ ಹಾಡು ನಿಂತು, ರಾಣಿ ಅಂದು ರಾಜನಿಗೆ ಪಿಸುಗುಟ್ಟಿದ್ದು ಕೇಳಿತು: “ಅಲ್ಲೇ ನಿಂತು ಏನು ನೋಡ್ತಿದ್ದೀರಿ? ಮಗು ಮಲಗಿದೆ, ಮೆಲ್ಲಗೆ ಒಳಗೆ ಬನ್ನಿ.”

ರಾಜ ಬಹಳ ಹೊತ್ತು ಅತ್ತ. ಆಮೇಲೆ ಏನು ಬೇಕು ಕೇಳು ಎಂದ. ಮಾಚ ಸೆರೆಯಲ್ಲಿದ್ದ ಇಬ್ಬರ ತಲೆ ಕೇಳಿದ, ಅವರವರ ಹೆಗಲ ಮೇಲೇ ಇರುವ ಹಾಗೆ. ರಾಜ ಅದನ್ನೂ ಕೊಟ್ಟ, ಅರಮನೆಯ ಯಂತ್ರದ ಉಸ್ತುವಾರಿಯನ್ನೂ ಕೊಟ್ಟ. ಮಗಳ ಕೈಯನ್ನೂ ಕೊಡಹೊರಟಾಗ ಹೊನ್ನಾಂಬೆ, “ಅದನ್ನ ನಾನೇ ಕೊಟ್ಕೋತೀನಿ” ಎಂದಳು. ಮುಂದಿನ ವರ್ಷ ಕೊಟ್ಟಳಂತೆ.

ಮಾಚ ಹೊರಡಲು ಎದ್ದಾಗ ರಾಜ ಅವನ ತೋಳು ಹಿಡಿದು ಕೇಳಿದ: “ಆ ಬಾಗಿಲು… ಮತ್ತೆ ಇಡೋಕೆ ಆಗುತ್ತೇನಪ್ಪ?”

“ln -s, ಒಂದೇ ಸಾಲು ಬುದ್ದೀ” ಎಂದು ಮಾಚ ಮತ್ತೆ ಕೂತ.

ನಿಮ್ಮ ಪಕ್ಕದಲ್ಲಿ ಯಾರಾದರೂ rm -r ಅಂತ ಬರೆದು ಎಂಟರ್ ಕಡೆ ಬೆರಳು ಚಾಚಿದ್ದರೆ, ಮೊದಲು ಅವರ ಕೈ ಹಿಡಿಯಿರಿ. ಆಮೇಲೆ ನಿಧಾನವಾಗಿ ಈ ಕತೆ ಹೇಳಿ.