ಮೀಸೆಕೋಡಿ

ಕಲ್ಲಹಟ್ಟಿ ಕೆರೆಯ ಏರಿಯ ಮೇಲೆ ಮೂಡಲಿಗೆ ನಡೆದು ಹೋದರೆ, ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗಲೆಂದು ಕಟ್ಟಿದ ಕೋಡಿ ಸಿಗುತ್ತದೆ. ಎರಡು ಬದಿಯ ಕಲ್ಲುಗಳು ಎದೆಮಟ್ಟ ನಿಂತಿವೆ. ನಡುವೆ ಮಾತ್ರ ಹಲ್ಲುದುರಿದ ಬಾಯಿಯ ಹಾಗೆ ತಗ್ಗು. ಮೀಸೆಕೋಡಿ ಎಂದು ಹೆಸರು ಹೇಳಿದರೆ ಪರಸ್ಥಳದವರು ಯಾವನೋ ವೀರನ ಮೀಸೆಯಿರಬೇಕೆಂದು ಕೈಮುಗಿದು ಹೋಗುತ್ತಾರೆ. ಪಾಪ, ಹೋಗಲಿ.

ಹಿಂದೆ ಒಮ್ಮೆ ಈ ಸೀಮೆಯನ್ನು ಗಡಿಯಪ್ಪ ನಾಯಕನೆಂಬ ಪಾಳೇಗಾರ ಆಳುತ್ತಿದ್ದ. ಆಳುತ್ತಿದ್ದ ಎನ್ನುವುದು ಮರ್ಯಾದೆಯ ಮಾತು. ಮೀಸೆ ತಿರುವುತ್ತಿದ್ದ ಎಂದರೆ ಸರಿ. ಆ ಮೀಸೆಗೆ ಹರಳೆಣ್ಣೆ ತೀಡಲು ಒಬ್ಬ ಆಳು, ಕನ್ನಡಿ ಹಿಡಿಯಲು ಇನ್ನೊಬ್ಬ. ಎಡಗಡೆಯದರಲ್ಲಿ ಅರ್ಧ ಮೇಕೆಯ ಕೂದಲೆಂದು ಅವನ ಹೆಂಡತಿ ಓಬಳವ್ವೆಯೇ ದಾಸಿಯ ಕಿವಿಯಲ್ಲಿ ಉಸುರಿದ್ದಳಂತೆ. ದಾಸಿಯ ಕಿವಿಗೆ ಬಿದ್ದದ್ದು ಸೀಮೆಯ ಕಿವಿಗೆಲ್ಲ ಬಿತ್ತು. ಬಾವಮೈದುನನ ಕೆರೆ ತನ್ನದಕ್ಕಿಂತ ದೊಡ್ಡದೆಂದು ಯಾರೋ ಅಂದದ್ದೇ ನೆಪ, ನಾಯಕ ಕೋಡಿಯನ್ನು ಎರಡು ಮೊಳ ಎತ್ತರಿಸಿದ. ಕೆರೆಯ ನೀರು ಬಿಡುವ ನೀರಗಂಟಿ ಮಾರಗ್ಯಾತ, ಅಷ್ಟು ನೀರನ್ನು ಮಣ್ಣಿನ ಏರಿ ತಡೆಯುವುದಿಲ್ಲವೆಂದು ಕೈಮುಗಿದು ಬೇಡಿಕೊಂಡ. ನಾಯಕ ತುಂಬಿದ ಚಾವಡಿಯಲ್ಲಿ ಮೀಸೆ ಮುಟ್ಟಿ, ಈ ಕೋಡಿ ಒಂದು ಬೆರಳು ಇಳಿದರೂ ತನ್ನ ಮೀಸೆ ಇಳಿದಂತೆ ಎಂದುಬಿಟ್ಟ. ಗಟ್ಟಿ ದೊರೆ ಎಂದರೆ ಇವರಪ್ಪಾ ಎಂದು ಸುತ್ತಲಿದ್ದ ಭಟ್ಟಂಗಿಗಳು ತಲೆದೂಗಿದರು.

ಆ ವರ್ಷ ಉತ್ತರೆ ಮಳೆ ಹಿಡಿದದ್ದು ಬಿಡಲಿಲ್ಲ. ಏಳನೆಯ ದಿನ ಬೆಳಿಗ್ಗೆ ಮಾರಗ್ಯಾತ ಏರಿಯ ಬುಡದಲ್ಲಿ ಬರಿಗಾಲಿಟ್ಟರೆ, ಮಣ್ಣು ಅಂಬಲಿಯಂತೆ ಬೆರಳ ಸಂದಿಯಿಂದ ಉಕ್ಕಿತು. ಏರಿಯ ಕೆಳಗಿನ ಕೇರಿಯಲ್ಲಿ ನಲವತ್ತು ಮನೆ. ಅದರಲ್ಲೊಂದರಲ್ಲಿ ಅವನ ಮಗಳು ಹಸಿ ಬಾಣಂತಿ. ಅಪ್ಪಣೆಯಿಲ್ಲದೆ ಕೋಡಿಯ ಕಲ್ಲು ಮುಟ್ಟುವಂತಿಲ್ಲ, ಈಟಿಯವರ ಕಾವಲು. ಕೊಡೆ ಹಿಡಿಸಿಕೊಂಡು ಅಲ್ಲೇ ನಿಂತಿದ್ದ ನಾಯಕನ ಮುಖ ನೋಡಿದೊಡನೆ ಮಾರಗ್ಯಾತನಿಗೆ ಗೊತ್ತಾಯಿತು: ಇವನಿಗೂ ನಡುಕ ಹತ್ತಿದೆ, ಆದರೆ ಆಡಿದ ಮಾತು ನುಂಗುವ ಗಂಟಲಿಲ್ಲ. ಅಂದೇ ಹೇಳಿದ್ದೆನಲ್ಲ ಎಂದರೆ ಇನ್ನಷ್ಟು ಬಿಗಿದುಕೊಳ್ಳುತ್ತಾನೆ, ಅಷ್ಟರಲ್ಲಿ ಏರಿ ಹೋಗುತ್ತದೆ. ಮಾರಗ್ಯಾತ ಎಲ್ಲರೆದುರು ಕೆಸರಲ್ಲಿ ಅಡ್ಡಬಿದ್ದ.

"ತಪ್ಪಾಯ್ತು ಬುದ್ಧಿ. ಕೋಡಿ ಏರಿಸಿ ಅಂತ ನಿಮಗೆ ಹೇಳಿದವನೇ ನಾನು. ಅಳತೆ ತಪ್ಪಿದ್ದು ನಂದು. ಇಳಿಯಬೇಕಾದ ಮೀಸೆಯೂ ನಂದೇ."

ನಾಯಕ ಮೂರು ಸಲ ಕಣ್ಣು ಮಿಟುಕಿಸಿದ. ಆಮೇಲೆ ಅವನ ಮುಖ ಅರಳಿದ ಪರಿ ನೋಡಿ ಈಟಿ ಹಿಡಿದವರಿಗೇ ನಾಚಿಕೆಯಾಯಿತಂತೆ. "ಹಾಗೆ ಬಾ ದಾರಿಗೆ," ಎಂದ. "ನಾನು ಆವತ್ತೇ ಅಂದಿರಲಿಲ್ಲವೇ? ಬೋಳಿಸ್ರೋ ಇವನ ಮೀಸೆ." ಕ್ಷೌರಿಕ ಬಂದ. ಮಾರಗ್ಯಾತನನ್ನು ಕೋಡಿಯ ಕಲ್ಲಿನ ಮೇಲೆ ಕೂರಿಸಿದರು, ಬಲಗಡೆಯದು ಮುಗಿದೊಡನೆ ಅವನು ಕತ್ತಿಯನ್ನು ಕೈಯಿಂದ ಸರಿಸಿ ಕೇಳಿದ್ದು ಒಂದೇ ಮಾತು: "ಇನ್ನು ಕಲ್ಲು ಕೀಳಬಹುದಾ, ಬುದ್ಧಿ?" ಅರ್ಧ ಮೀಸೆಯಲ್ಲೇ ಹಾರೆ ಹಿಡಿದ. ನಡುವಿನ ಕಲ್ಲುಗಳು ಉರುಳಿದವು, ನೀರು ಹಳ್ಳಕ್ಕೆ ಧುಮುಕಿತು, ಏರಿ ಉಳಿಯಿತು. ಉಳಿದರ್ಧವನ್ನು ಅವನು ಆಮೇಲೆ ಪುರುಸೊತ್ತಾಗಿ ಬೋಳಿಸಿಕೊಂಡ.

ಮರುದಿನ ನಾಯಕ, ಕೆರೆ ಉಳಿಸಿದವನು ತಾನೇ ಎಂದು ಡಂಗುರ ಹೊಡೆಸಿ, ಕುದುರೆಯೇರಿ ಕೆಳಗಿನ ಕೇರಿಗೆ ಬಂದ. ನೋಡುತ್ತಾನೆ, ನಲವತ್ತು ಮನೆಯ ಗಂಡಸರೂ ಮೀಸೆ ಬೋಳಿಸಿಕೊಂಡು ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಾರೆ. ಮುದುಕಿಯೊಬ್ಬಳು ಬೀದಿಗೆಲ್ಲ ಕೇಳುವಂತೆ ಸೊಸೆಯನ್ನು ಕೇಳಿದಳು: "ಏನೂ ಕಳಕೊಳ್ಳದೆ ಬಂದಿರೋ ಈ ಮೀಸೆಯವನು ಯಾರೇ?" ಅಂದಿನಿಂದ ಅವನು ಆ ಕೇರಿ ಹಾಯುವಾಗಲೆಲ್ಲ ರುಮಾಲಿನ ಚುಂಗನ್ನು ಬಾಯಿಗೆ ಸುತ್ತಿಕೊಳ್ಳುತ್ತಿದ್ದ ಎನ್ನುತ್ತಾರೆ.

ಕೋಡಿಯ ಪಕ್ಕ, ಬೇವಿನ ಕೆಳಗೆ, ಹಾರೆ ಹಿಡಿದ ಆಳಿನ ಕಲ್ಲೊಂದು ಈಗಲೂ ಇದೆ. ಮುಖದ ಒಂದೇ ಕಡೆ ಮೀಸೆ. ನೋಡಿದವರು ಕಲ್ಲು ಸವೆದಿದೆ ಎನ್ನುತ್ತಾರೆ. ಸವೆದದ್ದಲ್ಲ, ಕೆತ್ತಿದ್ದೇ ಹಾಗೆ. ಹೊಲಕ್ಕೆ ನೀರು ಬಿಡುವ ಮೊದಲು ಜನ ಅದರ ಮೇಲೊಂದು ಬೊಗಸೆ ನೀರು ಹೊಯ್ಯುತ್ತಾರೆ. ನಾಯಕನೂ ತನ್ನದೊಂದು ಆಳೆತ್ತರದ ವಿಗ್ರಹ ಕಡೆಸಿಕೊಂಡಿದ್ದ. ಅದು ಕಾಲುವೆಯಲ್ಲಿ ಬೋರಲು ಬಿದ್ದಿದೆ. ಬೆನ್ನು ಸಪಾಟಾಗಿರುವುದರಿಂದ ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ.