ಬೋಗುಣಿಗೆ ಬಂದ ಮುನ್ನೂರು ಮಂದಿ

ನದಿ ದಂಡೆಯಲ್ಲಿ ಒಂದು ಬಂಡೆ. ಮೊರದ ಹಾಗೆ ಬಾಗಿದ ಬಂಡೆ. ಅದರೆದುರು ಇಳಿಜಾರಿನ ಹುಲ್ಲು ತಗ್ಗು. ಸುತ್ತಲಿನವರು ಆ ಜಾಗಕ್ಕೆ ಬೋಗುಣಿ ಎನ್ನುತ್ತಿದ್ದರು.

ಬೋಗುಣಿಯಲ್ಲಿ ಕೂತು ಸೀನಿದರೆ ಆಚೆ ದಂಡೆಯವರು ‘ನೂರು ವರ್ಷ ಬಾಳಪ್ಪಾ’ ಎಂದು ಹರಸುತ್ತಿದ್ದರು. ಹರಕೆ ತಿರುಗಿ ಬಂದು ಮುಟ್ಟುವಷ್ಟರಲ್ಲಿ ಸೀನಿದವನು ಎದ್ದು ಊಟಕ್ಕೆ ಹೋಗಿರುತ್ತಿದ್ದ.

ಇದರಲ್ಲಿ ಒಂದಕ್ಷರ ಸುಳ್ಳಿದೆ ಎನ್ನುವವರು ಆ ಬಂಡೆಯನ್ನೇ ಕೇಳಬಹುದು. ಅದು ಯಾರು ಏನು ಹೇಳಿದರೂ ಹೌದೆಂದು ಹಾಗೇ ಹೇಳುತ್ತದೆ.

ಅಲ್ಲಿ ಮೊದಲು ಹಾಡಿದವರು ಗವಾಯಿ ರಾಚಯ್ಯ ಬುವಾ ಅವರ ಗುರುಗಳು. ಯಾರದೋ ದೊಡ್ಡ ಮನೆಯ ಮದುವೆಯಲ್ಲಿ ಹಾಡಲು ಹೋಗಿದ್ದರಂತೆ. ಇವರು ರಾಗ ತೆಗೆದರೆ ಬೀಗರೆಲ್ಲ ಎಲೆ ಅಡಿಕೆ ಮೆಲ್ಲುತ್ತ ಎತ್ತಿನ ಸುಳಿ ಬಗ್ಗೆ ಮಾತಾಡಿದರಂತೆ. ಸಿಟ್ಟಾಗಿ ಎದ್ದು ಬಂದು, ಇನ್ನು ಮನುಷ್ಯರ ಮುಖ ನೋಡಿ ಹಾಡುವುದಿಲ್ಲವೆಂದು ಬಂಡೆಗೆ ಮುಖ ಮಾಡಿ ಕೂತರು.

ಹಾಡು ಮುಗಿಸಿ ತಿರುಗಿದರೆ, ಸಂತೆಗೆ ಹೊರಟಿದ್ದ ಊರಿಗೆ ಊರೇ ಬೆನ್ನ ಹಿಂದೆ ಕೂತಿತ್ತು. ಮಾರಲು ತಂದ ಬೆಣ್ಣೆ ಬಿಸಿಲಿಗೆ ಕಾದು ತುಪ್ಪವಾಗಿ, ಆರಿ, ಮತ್ತೆ ಗಟ್ಟಿಯಾಗಿತ್ತು. ಒಬ್ಬರಿಗೂ ಗೊತ್ತಾಗಿರಲಿಲ್ಲ.

ಅಂದಿನಿಂದ ಅದೇ ಪದ್ಧತಿ. ವರ್ಷಕ್ಕೊಂದು ಬೆಳಗು ಗಾಯನ. ಹಾಡುವವನ ಮುಖ ಬಂಡೆಗೆ, ಬೆನ್ನು ಮಂದಿಗೆ. ದನಿ ಬಂಡೆಗೆ ತಾಗಿ ತಿರುಗಿ ಕೊನೆಯ ಸಾಲಿನ ತನಕ ಹೋಗುತ್ತಿತ್ತು.

ರಾಚಯ್ಯ ಬುವಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಾಡು ಮುಗಿದರೂ ತಿರುಗುತ್ತಿರಲಿಲ್ಲ. ಮಂದಿಯೆಲ್ಲ ಹೋದರೆಂದು ಶಿಷ್ಯ ಬಂದು ಭುಜ ಮುಟ್ಟುವ ತನಕ ಕಣ್ಣು ಮುಚ್ಚಿ ಕೂತಿರುತ್ತಿದ್ದರು.

“ಹೋಗೋರ ಬೆನ್ನು ನೋಡಿದರ, ಮುಂದಿನ ವರ್ಷ ಆ ಬೆನ್ನಿಗೇ ಹಾಡಬೇಕಾಗ್ತದ” ಎನ್ನುತ್ತಿದ್ದರು.

ಭುಜ ಮುಟ್ಟುವ ಶಿಷ್ಯ ಇರಸಂಗಪ್ಪ. ಹನ್ನೊಂದು ವರ್ಷದಿಂದ ಬುವಾ ಅವರ ಆಶ್ರಮದಲ್ಲಿದ್ದ. ಆಶ್ರಮವೆಂದರೆ ಒಂದು ಗುಡಿಸಲು, ಎರಡು ಚಾಪೆ. ಗಾಯನದ ದಿನ ಅವನು ಬುವಾ ಅವರ ಹಿಂದೆ ಕೂತು ತಂಬೂರಿ ಮೀಟುತ್ತಿದ್ದ. ತಿರುಗಿ ನೋಡುವ ಹಕ್ಕು ಅವನೊಬ್ಬನಿಗೇ ಇತ್ತು.

ನಾಲ್ಕು ವರ್ಷ ನೋಡಿದಾಗಲೆಲ್ಲ ತಲೆಗಳು ಕಂಡವು. ಆಮೇಲೆ ಮೇಲ್ಗಡೆ ಸೇತುವೆಯಾಯಿತು. ಬೋಗುಣಿ ಪಕ್ಕದ ದೋಣಿ ನಿಂತಿತು. ದೋಣಿಗೆ ಬರುವವರ ದಾರಿಯಲ್ಲಿ ಜಾಲಿ ಬೆಳೆಯಿತು. ಪೇಟೆಯಲ್ಲಿ ಫ್ಯಾನು, ಕುರ್ಚಿ ಇರುವ ಸಭಾಭವನವೂ ಎದ್ದಿತು.

ಐದನೇ ವರ್ಷ ಇರಸಂಗಪ್ಪ ತಿರುಗಿದಾಗ ಬೋಗುಣಿಯಲ್ಲಿ ಒಂದು ಎಮ್ಮೆ ಇತ್ತು. ಅದೂ ಮುಖ ಆ ಕಡೆ ಹಾಕಿ ಮಲಗಿತ್ತು.

ಅವತ್ತು ಅವನು ಎಮ್ಮೆ ಎದ್ದು ಹೋಗುವ ತನಕ ಕಾದು, ಬುವಾ ಅವರ ಭುಜ ಮುಟ್ಟಿದ. ಎಷ್ಟು ಮಂದಿ ಬಂದಿದ್ದರೆಂದು ಅವರು ಕೇಳಿದರು. ಮುನ್ನೂರು ಎಂದ. ನಾಲಿಗೆ ಅವನನ್ನು ಕೇಳದೆಯೇ ಹೇಳಿಬಿಟ್ಟಿತ್ತು.

“ಎಲ್ಲೆ ಅತ್ತರು?” ಎಂದು ಬುವಾ ಕೇಳಿದರು.

ಇರಸಂಗಪ್ಪ ಯೋಚಿಸಿದ. ತಾರ ಷಡ್ಜದಿಂದ ಇಳಿಯುತ್ತ ಪಂಚಮದ ಹತ್ತಿರ ಬುವಾ ಒಂದು ಕ್ಷಣ ನಿಂತರಲ್ಲ, ಅಲ್ಲಿ ಮೂರನೇ ಸಾಲಿನ ಮುದುಕಿಯೊಬ್ಬಳು ಸೆರಗು ಕಣ್ಣಿಗೊತ್ತಿಕೊಂಡಳು ಎಂದ.

ಬುವಾ ತಲೆಯಾಡಿಸಿದರು.

ವರ್ಷ ಹೋದಂತೆ ಸುಳ್ಳಿಗೆ ಕೈಕಾಲು ಬಂದವು. ಒಮ್ಮೆ ಮದುವೆಯ ದಿಬ್ಬಣ ದಾರಿ ತಪ್ಪಿ ಬಂದು ಕೂತು ಮುಹೂರ್ತ ಮೀರಿಸಿತು. ಒಮ್ಮೆ ಒಬ್ಬ ತಲೆದೂಗಿ ತಲೆದೂಗಿ ಉರುಳಿ ನದಿಗೆ ಬಿದ್ದ, ಬಿದ್ದಲ್ಲಿಂದಲೇ ವಾಹವ್ವಾ ಎಂದ. ಆ ಸೀಮೆಯಲ್ಲಿ ಅಂಥ ಸುಳ್ಳುಗಾರ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೂ, ತಾನು ಹುಟ್ಟಿಲ್ಲವೆಂದೇ ಹೇಳಿಯಾನು.

ಆದರೆ ಎಲ್ಲಿ ಅತ್ತರು, ಎಲ್ಲಿ ನಕ್ಕರು ಎಂದು ಬುವಾ ಕೇಳದೆ ಬಿಡುತ್ತಿರಲಿಲ್ಲ. ಹಾಗಾಗಿ ಹಾಡಿನ ಒಂದೊಂದು ತಿರುವಿಗೂ ಇರಸಂಗಪ್ಪ ಒಬ್ಬೊಬ್ಬರನ್ನು ಕೂಡಿಸಿಡಬೇಕಾಗುತ್ತಿತ್ತು.

ಗಾಯನ ಮುಗಿಸಿ ಇಬ್ಬರೂ ಜೊತೆಯಲ್ಲೇ ಗುಡಿಸಲಿಗೆ ನಡೆಯುತ್ತಿದ್ದರು. ಬುವಾ ಅವರ ಕೈ ಇವನ ಹೆಗಲ ಮೇಲೆ. ಆದರೂ ಇರಸಂಗಪ್ಪನಿಗೆ ಆ ದಾರಿಯಲ್ಲಿ ತಾನೊಬ್ಬನೇ ಇದ್ದೇನೆ ಅನಿಸುತ್ತಿತ್ತು.

ಏಳು ವರ್ಷ ಹೀಗೆ ಕಳೆಯಿತು.

ಈ ವರ್ಷ ಬುವಾ ಅವರ ಉಸಿರು ಸೋತಿತು. ಗಾಯನಕ್ಕೆ ಮೂರು ದಿನ ಇರುವಾಗ, ನೀನು ಮುಂದೆ ಕೂತು ಹಾಡು, ನಾನು ಹಿಂದೆ ಕೂತು ತಂಬೂರಿ ಹಿಡಿಯುತ್ತೇನೆ ಎಂದರು.

ಇರಸಂಗಪ್ಪ ಹೆದರಿದ. ಹಾಡುವ ಭಯವಲ್ಲ. ಬುವಾ ಹಿಂದೆ ಕೂತರೆ ಖಾಲಿ ಬೋಗುಣಿ ಕಾಣುತ್ತದೆ. ಏಳು ವರ್ಷದ ಮಂದಿ ಒಂದೇ ಬೆಳಗಿಗೆ ಸಾಯುತ್ತಾರೆ. ಆಮೇಲೆ ಬುವಾ ಬದುಕಿಯಾರೇ?

ಗಂಟಲು ನೋವೆಂದ. ಬುವಾ ಮೆಣಸಿನ ಕಷಾಯ ಕಾಯಿಸಿ ಕುಡಿಸಿದರು. ಜ್ವರವೆಂದ. ಹಣೆ ಮುಟ್ಟಿ ನೋಡಿ, ನನ್ನ ಕೈಯೇ ನಿನಗಿಂತ ಬೆಚ್ಚಗಿದೆ ಎಂದರು.

ಮರುದಿನ ಪೇಟೆಗೆ ಓಡಿದ. ಮನೆ ಮನೆಗೆ ಹೋಗಿ, ಒಂದು ಬೆಳಗಿನ ಮಟ್ಟಿಗೆ ಬಂದು ಕೂತುಕೊಳ್ಳಿರೆಂದು ಬೇಡಿದ. ಒಬ್ಬರಿಗೆ ಮದುವೆಯಿತ್ತು, ಒಬ್ಬರಿಗೆ ಮಂಡಿನೋವಿತ್ತು. ಚಹಾದಂಗಡಿಯವನು ಅಲ್ಲಿ ಫ್ಯಾನಿದೆಯೇ ಎಂದು ಕೇಳಿದ. ಪಕ್ಕದಲ್ಲಿದ್ದವನು, ನೀವು ಮೈಕು ಹಾಕಿಸಿದರೆ ನಾವು ಇಲ್ಲಿಂದಲೇ ಕೇಳುತ್ತೇವೆ ಎಂದ. ಅಂಗಡಿಯೆಲ್ಲ ನಕ್ಕಿತು.

ಇರಸಂಗಪ್ಪನೂ ನಕ್ಕ. ನಗುತ್ತಲೇ ಸೇತುವೆ ದಾಟಿದ. ಆಚೆ ಬರುವಷ್ಟರಲ್ಲಿ ನಗು ಎಲ್ಲಿ ಬಿದ್ದುಹೋಯಿತೋ ಗೊತ್ತಾಗಲಿಲ್ಲ.

ಗಾಯನದ ದಿನ ಇಬ್ಬರೂ ಮಬ್ಬಿನಲ್ಲೇ ಬೋಗುಣಿಗೆ ಇಳಿದರು. ಇರಸಂಗಪ್ಪ ಬಂಡೆಗೆ ಮುಖ ಮಾಡಿ ಕೂತ. ಬೆನ್ನ ಹಿಂದೆ ತಂಬೂರಿ ಶ್ರುತಿಗೆ ಬಂತು. ನಿಧಾನವಾಗಿ ಬೆಳಕಾಯಿತು.

ಅವನು ತೋಡಿ ರಾಗದ ಷಡ್ಜ ಹಚ್ಚಿದ.

ದನಿ ಬಂಡೆಗೆ ಹೋಗಿ, ಹುಲ್ಲಿನ ಇಳಿಜಾರು ಹತ್ತಿ, ತಿರುಗಿ ಬಂದು ಅವನ ಬೆನ್ನಿಗೆ ಹೊಡೆಯಿತು. ಬೀಸಿ ಎಸೆದ ಹರಳಿನ ಹಾಗೆ.

ಅವನು ಆ ಜಾಗದಲ್ಲಿ ಹಿಂದೊಮ್ಮೆ ಕೂತಿದ್ದ. ಆಶ್ರಮಕ್ಕೆ ಬಂದ ಮೊದಲನೇ ವರ್ಷ, ಬೋಗುಣಿ ತುಂಬಿದ್ದಾಗ, ಬುವಾ ಅವನಿಂದ ಒಂದು ಸ್ತುತಿ ಹಾಡಿಸಿದ್ದರು. ಅಂದು ದನಿ ಕಂಬಳಿಯಲ್ಲಿ ಸುತ್ತಿಟ್ಟ ಹಾಗೆ ಮೆತ್ತಗೆ ಬಂದಿತ್ತು. ಅಷ್ಟು ಜನರ ಮೈಯನ್ನು ದಾಟಿ ಬಂದಿತ್ತು.

ಈಗ ದಾಟಲು ಏನೂ ಇರಲಿಲ್ಲ.

ಹಾಗಾದರೆ ಈ ಜಾಗದಲ್ಲಿ ಕೂತವರಿಗೆ ತಿರುಗಿ ನೋಡುವ ಅಗತ್ಯವೇ ಇಲ್ಲ.

ಇರಸಂಗಪ್ಪನ ಹಾಡು ನಿಂತಿತು. ತಂಬೂರಿ ನಿಲ್ಲಲಿಲ್ಲ.

“ಯಾಕ ನಿಂತಿ, ತಮ್ಮಾ?”

“ಬುವಾ, ಹಿಂದ ಯಾರೂ ಇಲ್ಲ.”

“ನೀ ತಿರುಗೇ ಇಲ್ಲಲ್ಲ. ನಿನಗ ಹ್ಯಾಂಗ ಗೊತ್ತಾತು?”

“ಕಲ್ಲು ಹೇಳ್ತದರಿ.”

“ಹೂಂ. ಅದಕ್ಕ ಮುಚ್ಚಿ ಹೇಳೋದು ಗೊತ್ತಿಲ್ಲ.”

ನದಿಯ ಮೇಲೆ ಒಂದು ಕೊಕ್ಕರೆ ಹಾರಿಹೋಯಿತು. ಅದರ ರೆಕ್ಕೆಯ ಸಪ್ಪಳವೂ ಬೋಗುಣಿಯಲ್ಲಿ ಎರಡು ಸಲ ಕೇಳಿಸಿತು.

“ನಿಮಗ ಮೊದಲಿಂದ ಗೊತ್ತಿತ್ತೇನ್ರಿ?”

“ಖಾಲಿ ಆದ ಮೊದಲನೇ ವರ್ಷ, ಮೊದಲನೇ ಸ್ವರಕ್ಕ.”

“ಮತ್ತ ನಾ ಮುನ್ನೂರು ಅಂದಾಗ ಕಪಾಳಕ್ಕ ಹೊಡಿಬೇಕಿತ್ತರಿ.”

“ಆ ಮುದುಕಿ ಸರಿಯಾದ ಜಾಗಾದಾಗ ಅತ್ತಿದ್ದಳಲ್ಲೋ. ಹೊಡಿಯೋದು ಹ್ಯಾಂಗ?”

ಇರಸಂಗಪ್ಪನಿಗೆ ಬಂಡೆ ಮಸುಕಾಗಿ ಕಂಡಿತು. ಅವನು ಕೈಯಿಂದ ಮುಖ ಒರೆಸಿಕೊಂಡ. ಇಷ್ಟು ವರ್ಷ ಖಾಲಿ ಹುಲ್ಲಿಗೆ ಯಾಕೆ ಹಾಡಿದಿರೆಂದು ಕೇಳಿದ. ದನಿ ಅರ್ಧಕ್ಕೇ ಒಡೆಯಿತು. ಬಂಡೆ ಆ ಒಡಕನ್ನೂ ಬಿಡದೆ ತಿರುಗಿ ಹೇಳಿತು.

“ಮುನ್ನೂರು ಮಂದಿ ಎಲ್ಲೆಲ್ಲಿ ಅತ್ತರು ಅಂತ ಸುಳ್ಳು ಹೇಳಬೇಕಂದ್ರ,” ಎಂದರು ಬುವಾ, “ಒಬ್ಬಾಂವ ಒಂದು ಸ್ವರಾನೂ ಬಿಡಲಾರದ ಕೇಳಬೇಕಾಗ್ತದ.”

ಬಿಸಿಲು ಬಂಡೆಯ ನೆತ್ತಿಯಿಂದ ಅರ್ಧಕ್ಕೆ ಇಳಿಯಿತು. ಆಮೇಲೆ ಇರಸಂಗಪ್ಪನ ಬೆನ್ನು ತಿರುಗತೊಡಗಿತು. ಗುರುವಿನ ಮುಖ ನೋಡಬೇಕೆನಿಸಿತ್ತು ಅವನಿಗೆ.

ಹಿಂದಿನಿಂದ ತಂಬೂರಿಯ ಬುಡ ಬಂದು ಮೆಲ್ಲಗೆ ಅವನ ಪಕ್ಕೆಗೆ ಮುಟ್ಟಿತು.

“ಮುಖ ಕಲ್ಲಿನ ಕಡೆ ಇರಲಿ. ಈ ವರ್ಷ ಸುಳ್ಳು ಹೇಳೋ ಪಾಳಿ ನಂದು.”