ಸಾಹೇಬರ ಕೆಂಪು ಗೆರೆ

ಪುರಸಭೆಯಲ್ಲಿ ಇಂಟರ್‌ನೆಟ್ ತೆವಳುತ್ತಿತ್ತು. ಮನೆ-ಜಾಗದ ದಾಖಲೆಯಾದ ಉತಾರಕ್ಕೆ ಬಂದವರ ಸಾಲು ರಸ್ತೆ ಮುಟ್ಟಿತ್ತು.

"ಎಲ್ಲಾ ನಿನ್ನ ಕೈಗುಣ, ಚಂದ್ರವ್ವ! ಸಂಜಿಯೊಳಗ ಕಾರಣ ಹೇಳು, ಇಲ್ಲಾಂದ್ರ ಎತ್ತಂಗಡಿ!" ಎಂದು ಗುಮಾಸ್ತೆಯನ್ನು ಗದರಿದ ಸಾಹೇಬರು ಕೋಣೆ ಸೇರಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಳಗಿಂದ ಕ್ರಿಕೆಟ್ ಕಾಮೆಂಟರಿ ಕೇಳಿಸಿತು.

ಯಾವ ಕಂಪ್ಯೂಟರ್ ಎಷ್ಟು ನೆಟ್ ಎಳೆಯುತ್ತದೆಂದು ಗೆರೆಗಳಲ್ಲಿ ತೋರಿಸುವ ತಂತ್ರಾಂಶವನ್ನು ಚಂದ್ರವ್ವ ಅವತ್ತೇ ಕಲಿತಳು. ಎಲ್ಲ ಗೆರೆಗಳೂ ನೆಲ ಹಿಡಿದಿದ್ದವು. ಕೆಂಪು ಗೆರೆಯೊಂದೇ ಮುಗಿಲು ಮುಟ್ಟಿತ್ತು.

ಸಾಹೇಬರಿಗೆ ಹೇಳಿದರೆ ಎತ್ತಂಗಡಿ, ಹೇಳದಿದ್ದರೂ ಎತ್ತಂಗಡಿ. ಆಕೆ ಪರದೆಯನ್ನು ಜನರತ್ತ ತಿರುಗಿಸಿದಳು.

"ಈ ಕೆಂಪು ಗೆರಿ ಸಾಹೇಬ್ರ ಕಂಪ್ಯೂಟರಿಂದು ರೀ. ಇದು ಇಳಿದ ಕೂಡ್ಲೆ ನಿಮ್ಮ ಉತಾರ ಬರ್ತಾವು."

ಸಂಜೆ ಸಾಹೇಬರು ಹೊರಬಂದು ಗುಡುಗಿದರು. "ಕಾರಣ ಸಿಕ್ತೇನ?"

ಸಾಲಿನ ಮುಂದಿದ್ದ ಮುದುಕಿ ಕೆಂಪು ಗೆರೆ ನೋಡಿದಳು, ಸಾಹೇಬರ ಮುಖ ನೋಡಿದಳು.

"ಸಾಹೇಬ್ರ, ಸ್ಕೋರ್ ಎಷ್ಟಾತ್ರೀ?"